ನಲವತ್ತು ದಿನದ ಸಾಬೂನು

ಸಿರಸಿಯಲ್ಲಿ ನಾನು ಶಾಲಾ ಶಿಕ್ಷಕಿಯಾಗಿದ್ದಾಗ ಪಕ್ಕದ ಮನೆಯಾಕೆ ತೆಂಗಿನೆಣ್ಣೆ, ಕಾಡಿನ ಉಪ್ಪಾಗೆ ಬೀಜದಿಂದ ತೆಗೆದ ತುಪ್ಪ ಕಾಸಿ, ಕ್ಷಾರದ ನೀರು ಬೆರೆಸಿ ಸಾಬೂನು ಮಾಡುತ್ತಿದ್ದರು. ಮರದ ಪೆಟ್ಟಿಗೆಯಲ್ಲಿ ಗಟ್ಟಿಯಾದದ್ದನ್ನು ನೂಲಿನಿಂದ ಕತ್ತರಿಸಿ, ಪ್ರತಿ ತುಂಡನ್ನೂ ಮೂಸಿ ನಗುತ್ತಿದ್ದರು. ಆ ಸಾಬೂನಿಂದ ತೊಳೆದ ಕೈ ಚಳಿಗಾಲದಲ್ಲೂ ಒಡೆಯುತ್ತಿರಲಿಲ್ಲ. ಆದರೆ ನಲವತ್ತು ದಿನ ಒಣಗುವವರೆಗೆ ಯಾರಿಗೂ ಕೊಡುತ್ತಿರಲಿಲ್ಲ. ಕೇಳಿದರೆ, “ಎಂತಕ್ಕೆ ಅವಸರ ತಂಗಿ? ಸಾಬೂನು ಓಡಿ ಹೋಗ್ತಿಲ್ಲೆ” ಎನ್ನುತ್ತಿದ್ದರು.

ನನಗೆ ಯಲ್ಲಾಪುರಕ್ಕೆ ವರ್ಗವಾದಾಗ ಮಾತ್ರ ಹತ್ತು ದಿನದ ತುಂಡೊಂದನ್ನು ಕಾಗದದಲ್ಲಿ ಸುತ್ತಿ, ಮೇಲೆ ನಲವತ್ತು ದಿನ ತುಂಬುವ ತಾರೀಖು ಬರೆದು ಕೊಟ್ಟರು. “ಅಲ್ಲಿವರೆಗೆ ಮುಟ್ಟಡ.”

ಗಂಟೆ ನೋಡಿಯೇ ಉಣ್ಣುವ ನಾನು ಆ ತಾರೀಖನ್ನು ಮಾತ್ರ ಲೆಕ್ಕಿಸದೆ ಮರುದಿನವೇ ಅದನ್ನು ಬಳಸಿದೆ. ಅಂಗೈ ಸುಟ್ಟಂತಾಯಿತು. ಆ ಭಾನುವಾರ ಸಿರಸಿಗೆ ಬಂದವಳು ನೆರೆಯವರೆದುರೇ ಕೈ ಚಾಚಿ ನಕ್ಕೆ: “ಅಕ್ಕಾ, ನಿಮ್ಮ ಸಾಬೂನು ನನ್ನ ಚರ್ಮ ತಿಂತು ನೋಡಿ!”

ಅವರು ನನ್ನ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದರು. “ಯನ್ನ ಕ್ಷಾರದ ಅಳತೆ ತಪ್ಪಿದ್ದಿಕ್ಕು, ತಂಗಿ.”

ಕಾಯದೆ ಬಳಸಿದೆನೆಂದು ನಾನು ಹೇಳಲಿಲ್ಲ.

ಮುಂದಿನ ರಜೆಯಲ್ಲಿ ಹೋದಾಗ ಅವರ ಬಚ್ಚಲಲ್ಲಿ ಅಂಗಡಿಯ ಸಾಬೂನಿತ್ತು. ಮರದ ಪೆಟ್ಟಿಗೆಯಲ್ಲಿ ಹುಣಸೆಹಣ್ಣು ತುಂಬಿಟ್ಟಿದ್ದರು. ನಾನು ಆ ಅಂಗಡಿ ಸಾಬೂನಿನಿಂದಲೇ ಕೈ ತೊಳೆದು ಹೊರಬಂದೆ.