ನೀಲಗಿರಿ ತೋಪಿನ ರಾಗಿ

ರಾಗಿ ತೆನೆ ಉಜ್ಜಿ ಉಜ್ಜಿ ನಮ್ಮ ಸೂಪರಿಂಟೆಂಡೆಂಟರ ಬಲ ಅಂಗೈ ಜಡ್ಡುಗಟ್ಟಿತ್ತು. ಬೆಳೆಯ ಲೆಕ್ಕ ಬರೆಯುವ ನಮ್ಮ ಕಚೇರಿಯಲ್ಲಿ ಉಳಿದವರೆಲ್ಲರ ಬೆರಳಲ್ಲಿ ಮಸಿ. ಇವರ ಕೈ ಮಾತ್ರ ರೈತನದು. ಕೈಚೀಲದಲ್ಲಿ ಸದಾ ನಾಲ್ಕು ಗೂಟ, ಒಂದು ಹಗ್ಗ.

ಇಳುವರಿ ಅಳೆಯಲು ಒಂದು ಕ್ರಮವಿದೆ. ಚೀಟಿ ಎತ್ತಿದಂತೆ ಯಾವುದೋ ಸರ್ವೆ ನಂಬರು ಬರುತ್ತದೆ. ಆ ಹೊಲದ ನೈಋತ್ಯ ಮೂಲೆಯಿಂದ ಗೊತ್ತುಮಾಡಿದಷ್ಟು ಹೆಜ್ಜೆ ನಡೆದು, ಐದೈದು ಮೀಟರಿಗೆ ಹಗ್ಗ ಕಟ್ಟಿ, ಅದರೊಳಗಿನ ಪೈರನ್ನಷ್ಟೇ ಕೊಯ್ದು ತೂಗಬೇಕು. ಬಿಸಿಲಿಗೆ ಬೇಸತ್ತವರು ರಸ್ತೆ ಪಕ್ಕದಲ್ಲೇ, ಪೈರು ದಟ್ಟವಾಗಿರುವ ಕಡೆ ಕಟ್ಟಿಬಿಡುತ್ತಾರೆ. "ರಸ್ತೆ ಪಕ್ಕದ ಪೈರು ನೆಂಟರ ಮುಂದೆ ನಿಲ್ಸಿದ ಮಕ್ಕಳಿದ್ದಂಗೆ ಕಣಮ್ಮ, ಚೆನ್ನಾಗೇ ಕಾಣತ್ತೆ. ಒಳಗೆ ಹೋಗಿ ನೋಡು" ಎನ್ನುತ್ತಿದ್ದರು. ಇಡೀ ರಾಜ್ಯಕ್ಕೆ ಒಂದೇ ಸರಾಸರಿ ಹೇಳಿದರಂತೂ ಉರಿದುಬೀಳುತ್ತಿದ್ದರು. "ಮಂಡ್ಯದ ನಾಲೆ ನೀರು ಪಾವಗಡಕ್ಕೆ ಕಾಗದದ ಮೇಲೆ ಮಾತ್ರ ಹರಿಯತ್ತೆ!"

ನಾನು ಅವರ ಕೈಕೆಳಗಿನ ಹೊಸ ಗುಮಾಸ್ತೆ. ಒಂದು ದಿನ ದೊಡ್ಡ ಸಾಹೇಬರು ಕರೆದು, "ಕೋಲಾರದ ಕಡೆಯ ಆ ಇಳುವರಿ ಫಾರಂ ತುಂಬೋದಿದೆಯಲ್ಲ, ಹೊಲಕ್ಕೆಲ್ಲ ಹೋಗೋದೇನೂ ಬೇಡ. ಹಳೇ ಲೆಕ್ಕಕ್ಕೆ ಸ್ವಲ್ಪ ಸೇರಿಸಿ ರಾಗಿ ಬರ್ದುಬಿಡಿ. ಈ ಸಲ ಇಳುವರಿ ಏರ್ಬೇಕು" ಎಂದರು. ಬರೆದೆ. ಹೆದರಿ ಬರೆದೆ, ಬೇರೇನು ಸಬೂಬು ಹೇಳಲಿ? ನಾನು ಸಹಿ ಹಾಕಿದೆ, ಕೆಳಗೆ ಸಾಹೇಬರೂ ಹಾಕಿದರು. ತಿಂಗಳ ಮೇಲೆ ಸೂಪರಿಂಟೆಂಡೆಂಟರು ಹಗ್ಗ ಹಿಡಿದು ತಪಾಸಣೆಗೆ ಹೋದರೆ, ಹೊಲದಲ್ಲಿ ನೀಲಗಿರಿ ತೋಪು! ಅಲ್ಲಿ ರಾಗಿ ಬೆಳೆಯುವುದು ನಿಂತೇ ನಾಲ್ಕು ವರ್ಷವಾಗಿತ್ತು. ಅವರು ಒಂದು ಹಿಡಿ ನೀಲಗಿರಿ ಎಲೆಯನ್ನು ಸಾಹೇಬರ ಮೇಜಿನ ಮೇಲಿಟ್ಟು ಲೆಕ್ಕ ತಿದ್ದಲು ಹೇಳಿದರು. ಸಾಹೇಬರು ಅವರನ್ನೇ ಹಳೇ ಕಡತದ ಕೋಣೆಗೆ ತಳ್ಳಿದರು. ಸೂಪರಿಂಟೆಂಡೆಂಟರು ಅಲ್ಲಿಂದಲೇ ನಿವೃತ್ತರಾದರು. ನಾನು ಬಾಯಿ ಬಿಡಲಿಲ್ಲ.

ಮುಂದೆ ಸಾಹೇಬರು ಅದೇ ಅಂಕಿಗಳಿಂದ ಪುಸ್ತಕ ಬರೆದು ಬಸವನಗುಡಿಯಲ್ಲಿ ಬಿಡುಗಡೆ ಮಾಡಿಸಿಕೊಂಡರು. ಸಭೆಯಲ್ಲಿ ನಮ್ಮ ಸೂಪರಿಂಟೆಂಡೆಂಟರು ಎದ್ದುನಿಂತು, "ಸ್ವಾಮಿ, ನೀಲಗಿರಿ ತೋಪಲ್ಲಿ ರಾಗಿ ಎಷ್ಟು ತೂಗಿದ್ರಿ?" ಎಂದು ಕೇಳಿದರು.

"ನಮ್ಮ ಹಳೇ ಸ್ನೇಹಿತರಿಗೆ ವಯಸ್ಸಾಯ್ತು, ಪಾಪ. ಕೂತ್ಕೊಳ್ಳಿ, ಕಾಫಿ ಬರತ್ತೆ" ಎಂದರು ಸಾಹೇಬರು. ಸಭೆ ಗೊಳ್ಳೆಂದಿತು. ನಾನೂ ಅದೇ ಸಭೆಯಲ್ಲಿ ಕೂತಿದ್ದೆ; ಆ ನಗುವನ್ನು ಇವತ್ತಿಗೂ ಮರೆತಿಲ್ಲ.

ಮರುದಿನ ಎನ್.ಆರ್. ಕಾಲೋನಿಯ ಸೂಪರಿಂಟೆಂಡೆಂಟರ ಮನೆಗೆ ಹೋಗಿ, "ಫಾರಂ ಬರ್ದಿದ್ದು ನಾನು ಅಂತ ಹೇಳ್ಬಿಡಬಹುದಿತ್ತಲ್ಲ ಸಾರ್" ಎಂದೆ.

"ಕುಡುಗೋಲು ಹಿಡಿದೋರನ್ನ ಬೈದು ಏನ್ ಬಂತಮ್ಮ? ಹಗ್ಗ ಎಳೆದೋನು ಸಿಗ್ಬೇಕು" ಎಂದು ಅವಲಕ್ಕಿ ತಟ್ಟೆ ನನ್ನ ಮುಂದೆ ಸರಿಸಿದರು.

ಹೋದ ಆಷಾಢದಲ್ಲಿ ತೀರಿಕೊಂಡರು. ಅವರ ಹೆಂಡತಿ ಆ ಕೈಚೀಲವನ್ನು ನನಗೆ ಕೊಟ್ಟು, "ನಿಮಗೇ ಸೇರ್ಬೇಕು ಅಂದಿದ್ರು" ಎಂದರು. ಗೂಟ, ಹಗ್ಗ, ತಳದಲ್ಲಿ ನನ್ನ ಫಾರಂನ ಕಚೇರಿ ಪ್ರತಿ. ಸಭೆಯ ದಿನವೂ ಅದು ಆ ಚೀಲದಲ್ಲೇ ಇತ್ತಂತೆ. ತೆಗೆದು ತೋರಿಸಿದ್ದರೆ ಸಾಹೇಬರ ಮಾನದ ಜೊತೆ ನನ್ನ ಕೆಲಸವೂ ಹೋಗುತ್ತಿತ್ತು. ನನ್ನ ಅನ್ನ ಉಳಿಯಲೆಂದು ಆ ನಗುವನ್ನು ನುಂಗಿಕೊಂಡಿದ್ದರು.

ನಾನೀಗ ನಿವೃತ್ತೆ. ಈ ಭಾನುವಾರ ಮಲ್ಲೇಶ್ವರದಲ್ಲಿ ಸಾಹೇಬರಿಗೆ ಸನ್ಮಾನ. "ಹಳೇ ಸಹೋದ್ಯೋಗಿ, ನೀವೂ ಎರಡು ಮಾತಾಡ್ಬೇಕು ಮೇಡಂ" ಎಂದು ಅವರೇ ಫೋನ್ ಮಾಡಿದ್ದರು. ಒಪ್ಪಿಕೊಂಡಿದ್ದೇನೆ. ಸೇಡು ಅನ್ನುವವರು ಅನ್ನಲಿ, ಸೇಡೇ. ಫಾರಂನಲ್ಲಿ ಮೇಲಿನ ಸಹಿ ನನ್ನದು, ಮೈಕಿನ ಮುಂದೆ ಮೊದಲು ಅದನ್ನೇ ಓದುತ್ತೇನೆ. ಆಮೇಲೆ ಕೆಳಗಿನದು.