ಸ್ವಲ್ಪ ಜೋರಾದ ವೀಣೆ

ಎಪ್ಪತ್ತರ ದಶಕದಲ್ಲಿ, ವೆಸ್ಟ್ ಮಾಂಬಲಂನ ನಮ್ಮ ಮೇಲಿನ ಮಹಡಿಯಲ್ಲಿದ್ದ ರೈಲ್ವೆ ಗುಮಾಸ್ತರು ಮದ್ರಾಸಿಗೇ ಮೊದಲ ರಾಕ್ ಗಿಟಾರ್ ವಾದಕರಂತೆ. ಅವರು ತಂತಿ ಮೀಟಿದರೆ ನಮ್ಮ ಚಾವಣಿಯ ಸುಣ್ಣ ಉದುರುತ್ತಿತ್ತು. ದೂರು ಹೇಳಿದರೆ, "ಕಿವಿ ಪಳಗ್ಬೇಕು ಸಾರ್, ಅಷ್ಟೇದಾನ್" ಎಂದು ತಮಿಳು ಬೆರೆಸಿ ಗತ್ತಿನಿಂದ ಮಾತು ಮುಗಿಸುತ್ತಿದ್ದರು.

ಗುಮಾಸ್ತರನ್ನು ನೋಡಲು ಹೆಣ್ಣಿನ ಕಡೆಯವರು ಬಂದ ದಿನ ನನ್ನನ್ನೂ ಕರೆದಿದ್ದರು. ಗುಮಾಸ್ತರ ತಾಯಿ ಗಿಟಾರ್ ತೋರಿಸಿ, "ವೀಣೆ ಥರಾನೇ, ಸ್ವಲ್ಪ ಜೋರು" ಎಂದರು.

"ಹಾಗಾದ್ರೆ ಒಂದು ಕೀರ್ತನೆ ಆಗ್ಲಿ" ಎಂದರು ಹೆಣ್ಣಿನ ತಂದೆ.

ಗಿಟಾರಿನ ಪ್ಲಗ್ ಚುಚ್ಚಿದೊಡನೆ ಫ್ಯೂಸ್ ಹಾರಿತು. ಗುಮಾಸ್ತರು ಹಟ ಹಿಡಿದು ರಾಕನ್ನೇ ನುಡಿಸಿದರು. ಕರೆಂಟಿಲ್ಲದ ಗಿಟಾರ್ ಸೊಳ್ಳೆಯಂತೆ ಗುಂಯ್‌ಗುಟ್ಟಿತು. "ಆಹಾ, ಎಂಥ ಸಾಧು ಸಂಗೀತ!" ಎಂದು ಹೆಣ್ಣಿನ ತಂದೆ ಸಂಬಂಧ ಒಪ್ಪಿದರು.

ಮದುವೆಯಾದ ಮೇಲೆ ಆ ಪ್ಲಗ್ಗಿನ ಜಾಗಕ್ಕೆ ಅವರ ಹೆಂಡತಿಯ ಹಿಟ್ಟು ರುಬ್ಬುವ ಗ್ರೈಂಡರ್ ಬಂತು. ಮತ್ತೆ ಸುಣ್ಣ ಉದುರಿತೆಂದು ದೂರಲು ಹೋದೆ. "ಕಿವಿ ಪಳಗ್ಬೇಕು ಸಾರ್" ಎಂದರು ಗುಮಾಸ್ತರು, ಅಡುಗೆಮನೆಯತ್ತ ನೋಡುತ್ತಾ. ಆ ಹಳೆಯ ಗತ್ತಿನ "ಅಷ್ಟೇದಾನ್" ಮಾತ್ರ ಬರಲಿಲ್ಲ.