ನಾನು ಹೊಡೆದುಹಾಕಿದ ಸಾಲು

ದೆವ್ವದ ಕಥೆ ಹೇಳುವವರನ್ನು ಕಂಡರೆ ಮೊದಲು ಗೇಲಿ ಮಾಡುತ್ತಿದ್ದವನೇ ನಾನು. ಈಗಲೂ ದೆವ್ವವನ್ನು ನಂಬುತ್ತೇನೆಂದು ಹೇಳಲಾರೆ. ಆದರೆ ನನಗಾದದ್ದಕ್ಕೆ ಕಾರಣ ಕೇಳಬೇಡಿ, ನನ್ನ ಹತ್ತಿರ ಇಲ್ಲ.

ಮೂವತ್ತರ ದಶಕದ ಮಾತು. ಧಾರವಾಡದ ವಕೀಲರೊಬ್ಬರಲ್ಲಿ ಮೋಡಿ ಎಂಬ ಮರಾಠಿ ಕೂಡುಬರಹದ ಹಳೆಯ ಕಾಗದಗಳನ್ನು ಕನ್ನಡಕ್ಕೆ ಇಳಿಸುವ ಕಾರಕೂನನಾಗಿದ್ದೆ. ನಾನು ಓದಲಾರದ ಮೋಡಿಯೇ ಇಲ್ಲ ಎಂಬ ಜಂಬ ಬೇರೆ. ಆಗ ಹೆಬ್ಬಳ್ಳಿಯ ಗಂಗವ್ವ ಎಂಬ ವಿಧವೆಯ ದಾವೆ ಬಂತು. ಆ ಸೀಮೆಗೆ ಮೊದಲು ಬಂದು ಬೀಳುನೆಲ ಒಡೆದ ಚನ್ನಪ್ಪನೆಂಬವನು ಮಗಳ ಅರಿಷಿಣ-ಕುಂಕುಮಕ್ಕೆಂದು ಒಂದು ಹೊಲ ಬಿಟ್ಟುಕೊಟ್ಟಿದ್ದನಂತೆ. ಆ ಮಗಳ ವಂಶದವಳು ತಾನು, ಹೊಲ ತನ್ನದು ಎಂಬುದು ಗಂಗವ್ವನ ವಾದ. ಮಗಳ ಹೆಸರು ಮಾತ್ರ ಅವಳಿಗೂ ಗೊತ್ತಿರಲಿಲ್ಲ. ಚನ್ನಪ್ಪನ ಗಂಡುಮಕ್ಕಳ ವಂಶದವರು ಹಾಗೆ ಕೊಟ್ಟದ್ದೇ ಸುಳ್ಳು ಎನ್ನುತ್ತಿದ್ದರು. ಹೊಲ ಹೋದರೆ ಅವಳು ಕೂಲಿಗೆ ಹೋಗಬೇಕಿತ್ತು.

ಚನ್ನಪ್ಪ ಮಕ್ಕಳಿಗೆ ಹೊಲ ಹಂಚಿದ ಪತ್ರವನ್ನು ಒಂದು ಮಧ್ಯಾಹ್ನ ಒಂದೇ ಉಸಿರಿಗೆ ನಕಲು ಮಾಡಿದೆ. ಆಮೇಲೆ ತಾಳೆ ನೋಡುವುದು ರೂಢಿ. ಜೊತೆಗಾರ ರಾಘಣ್ಣ ಮೂಲ ಓದುತ್ತ ಹೋದ, ನಾನು ನಕಲಿನ ಮೇಲೆ ಬೆರಳಿಟ್ಟು ಕೂತೆ.

“ನಡುವ ಒಂದು ಸಾಲು ಬಿಟ್ಟಿ ನೋಡು,” ಎಂದೆ.

“ಎಲ್ಲಿ ಬಿಟ್ಟೇನೋ? ಇದ್ದದ್ದ ಓದೇನಿ.”

ನನ್ನ ನಕಲಿನಲ್ಲಿ, ನನ್ನದೇ ಅಕ್ಷರದಲ್ಲಿ ಹೀಗಿತ್ತು: ‘ಬಾವಿಯ ಮಗ್ಗುಲ ಹೊಲ ಮಗಳು ನೀಲವ್ವನ ಅರಿಷಿಣ-ಕುಂಕುಮಕ್ಕೆ. ಗುರುತಿಗೆ ಬನ್ನಿಗಿಡದ ಬುಡದಲ್ಲಿ ಬಳೆ ಕೊರೆದ ಕಲ್ಲು ಹೂಳಿದೆ.’ ಮೂಲವನ್ನು ಬೆಳಕಿಗೆ ಹಿಡಿದು, ತಿರುವಿ ನೋಡಿದೆವು. ಅಂಥ ಸಾಲೇ ಇರಲಿಲ್ಲ.

“ತಲಿ ತಿರಗೇದ ನಿಂದು. ಹೊಡದ್ಹಾಕು,” ಎಂದು ರಾಘಣ್ಣ ನಕ್ಕ.

ಹೊಡೆದೆ. ಬೇರೆ ನಕಲು ಬರೆದು ರುಜು ಹಾಕಿದೆ. ಗಂಗವ್ವ ಬಂದಾಗ ಈ ವಿಷಯ ಬಾಯಿ ಬಿಡಲಿಲ್ಲ. ನನ್ನ ಹೆಸರು ಕೆಟ್ಟೀತೆಂಬ ನಾಚಿಕೆ. ತೀರ್ಪು ಅವಳ ವಿರುದ್ಧವಾಯಿತು.

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಯಾವ ಕಾಗದ ಹಿಡಿದರೂ ನಾನು ಬರೆದದ್ದನ್ನು ನಾನೇ ಮೂರು ಸಲ ಓದುತ್ತಿದ್ದೆ. ಹೊಲ ಬಿಟ್ಟುಕೊಡಲು ಅವಳಿಗೆ ಇನ್ನೂ ಎಂಟು ದಿನ ಇದ್ದವು. ಒಂದು ಬೆಳಿಗ್ಗೆ ಹೆಬ್ಬಳ್ಳಿಗೆ ನಡೆದೇ ಹೋಗಿ ಅವಳಿಗೆ ಎಲ್ಲ ಹೇಳಿದೆ. ಅವಳು ಗುದ್ದಲಿ ತಂದಳು. ಬನ್ನಿಗಿಡದ ಬುಡದಲ್ಲಿ ಮೊಳದಾಳಕ್ಕೆ ಕಲ್ಲು ತಾಗಿತು. ಮಣ್ಣು ಒರೆಸಿದರೆ ಬಳೆಯ ಗುಂಡು ಗೆರೆ. ಆ ಹೊಲಕ್ಕೆ ನಾನು ಕಾಲಿಟ್ಟದ್ದು ಅದೇ ಮೊದಲು. ಖರೇ ಹೇಳುತ್ತೇನೆ, ಹೆದರಿಕೆಯಾಯಿತು. ಹೆಸರಿಲ್ಲದ ಕಲ್ಲು ಕೋರ್ಟಿಗೆ ಸಾಕ್ಷಿಯಾಗದೆಂಬುದೂ ನನಗೆ ಗೊತ್ತಿತ್ತು.

ಗಂಗವ್ವ ಅಳಲಿಲ್ಲ.

“ಆ ನೀಲವ್ವ ನಿಮ್ಮ ಕೈಲೆ ಬರಿಸಿದ್ಲಲ್ರಿ ರಾಯರ,” ಎಂದಳು. “ಮತ್ತ ನೀವ್ಯಾಕ ಹೊಡದ್ರಿ?”

ಮೂಲದಲ್ಲಿ ಇಲ್ಲದ್ದನ್ನು ಬರೆಯಬಾರದು ಎಂಬುದು ನಮ್ಮ ಕೆಲಸದ ನಿಯಮ. ಆ ಸಾಲು ಎಲ್ಲಿಂದ ಬಂತೋ ಇಂದಿಗೂ ತಿಳಿಯದು. ಹೊಡೆದದ್ದು ಮಾತ್ರ ನಾನೇ.